ಬೆಲೆ ಕಟ್ಟುವವರು ಯಾರು? ಎರಡು ಸಲ ಫೇಲಾದ ವಾಲ್ರಾಸ್ ಕಥೆ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಎತ್ತಿಕೊಂಡೆವು. ಮಧ್ಯೆ ಯಾವ ಕಂಪನಿಯ ಹಂಗೂ ಇಲ್ಲದೆ ಕ್ರಿಪ್ಟೋ ನಾಣ್ಯಗಳನ್ನು ಅದಲುಬದಲು ಮಾಡುವ ವ್ಯವಸ್ಥೆ. ಇಂಗ್ಲಿಷಿನಲ್ಲಿ ಡಿಸೆಂಟ್ರಲೈಸ್ಡ್ ಎಕ್ಸ್‌ಚೇಂಜ್, ಚಿಕ್ಕದಾಗಿ ಡೆಕ್ಸ್. ಕನ್ನಡದಲ್ಲಿ ವಿಕೇಂದ್ರೀಕೃತ ವಿನಿಮಯ ಕೇಂದ್ರ ಅಂತ ಬರೆದು ನೋಡಿದರೆ ನಮಗೇ ನಗು ಬಂತು. ಕೇಂದ್ರವಿಲ್ಲದ ಕೇಂದ್ರ! ಹಾಗಾಗಿ ಇಲ್ಲೂ ಡೆಕ್ಸ್ ಅಂತಲೇ ಇಟ್ಟುಕೊಳ್ಳೋಣ.

ಕೋಡ್ ಎರಡು ವಾರದಲ್ಲಿ ಓಡಿತು. ರಿವ್ಯೂ ದಿನ ನಮ್ಮ ಗೈಡ್ ಕೋಡ್ ಕಡೆ ಹೆಚ್ಚು ನೋಡಲೇ ಇಲ್ಲ. ನಿಮ್ಮ ಡೆಕ್ಸ್‌ನಲ್ಲಿ ಬೆಲೆ ಕಟ್ಟುವವರು ಯಾರು ಅಂತ ಕೇಳಿದರು. ಸೂತ್ರ ಇದೆ ಸರ್ ಅಂದೆವು. ಸರಿಯಾದ ಬೆಲೆ ಯಾವುದು ಅಂತ ಆ ಸೂತ್ರಕ್ಕೆ ಹೇಗೆ ಗೊತ್ತಾಗುತ್ತೆ, ಗೊತ್ತಾಗುವ ತನಕ ಆಗುವ ನಷ್ಟ ಯಾರ ತಲೆಗೆ ಅಂತ ಮತ್ತೆ ಕೇಳಿದರು. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಲಿಯಾನ್ ವಾಲ್ರಾಸ್. ತೀರಿಕೊಂಡು ನೂರು ವರ್ಷಕ್ಕೂ ಮೇಲಾಯಿತು. ಅರ್ಥಶಾಸ್ತ್ರ ಓದುವವರಿಗೆ ಇದು ನ್ಯೂಟನ್ ಹೆಸರಿನಷ್ಟೇ ಪರಿಚಿತ. ನಮ್ಮ ಕ್ಯಾಂಪಸ್‌ನಲ್ಲಿ ಮಾತ್ರ ಯಾರನ್ನು ಕೇಳಿದರೂ ಯಾರಪ್ಪಾ ಅದು ಅನ್ನುತ್ತಾರೆ. ನಿಜ ಹೇಳಬೇಕಂದ್ರೆ ಅವರು ನಮ್ಮವರೇ. ಎಂಜಿನಿಯರಿಂಗ್ ಕಾಲೇಜಿಗೆ ಸೇರಿ, ಮನಸ್ಸು ಕೊಡಲಾಗದೆ ಹೊರಬಿದ್ದವರು.

ಪ್ರವೇಶ ಪರೀಕ್ಷೆ ಕೈಕೊಟ್ಟ ಹುಡುಗ

1834ರ ಡಿಸೆಂಬರ್ 16ರಂದು ಫ್ರಾನ್ಸಿನ ನಾರ್ಮಂಡಿ ಸೀಮೆಯ ಎವ್ರೂ ಪಟ್ಟಣದಲ್ಲಿ ವಾಲ್ರಾಸ್ ಹುಟ್ಟಿದರು. ತಂದೆ ಆಗುಸ್ಟ್ ವಾಲ್ರಾಸ್ ಮೇಷ್ಟ್ರಾಗಿ, ಶಾಲಾ ಆಡಳಿತಗಾರರಾಗಿ ದುಡಿದವರು. ಬಿಡುವಿನಲ್ಲಿ ಅರ್ಥಶಾಸ್ತ್ರ ಅವರ ಹುಚ್ಚು. ವಸ್ತುವಿಗೆ ಬೆಲೆ ಬರುವುದು ಅದರ ವಿರಳತೆಯಿಂದ ಅಂತ ವಾದಿಸಿ 1831ರಲ್ಲೇ ಒಂದು ಪುಸ್ತಕ ಬರೆದಿದ್ದರು. ಅವರ ಸಹಪಾಠಿಯಾಗಿದ್ದ ಕೂರ್ನೋ 1838ರಲ್ಲಿ ಬೇಡಿಕೆ, ಬೆಲೆಗಳನ್ನು ಗಣಿತದ ಫಂಕ್ಷನ್ ಆಗಿ ಬರೆದ ಪುಸ್ತಕ ಹೊರತಂದರು. ಆ ಕಾಲಕ್ಕೆ ಅದನ್ನು ಓದಿದವರೇ ಕಡಿಮೆ. ವಾಲ್ರಾಸರ ಮನೆಯಲ್ಲಿ ಮಾತ್ರ ಆ ಪುಸ್ತಕವಿತ್ತು.

ಫ್ರಾನ್ಸಿನಲ್ಲಿ ಆಗ ಬುದ್ಧಿವಂತ ಹುಡುಗರೆಲ್ಲ ಕಣ್ಣಿಟ್ಟಿದ್ದ ಕಾಲೇಜು ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್. ನಮ್ಮ ಐಐಟಿ ಇದ್ದ ಹಾಗೆ ಅನ್ನಿ. ವಾಲ್ರಾಸ್ ಪ್ರವೇಶ ಪರೀಕ್ಷೆ ಬರೆದರು, ಫೇಲ್. ಮತ್ತೆ ಬರೆದರು, ಮತ್ತೂ ಫೇಲ್. ದಡ್ಡತನ ಕಾರಣ ಅಲ್ಲ. ಪರೀಕ್ಷೆಗೆ ಬೇಕಾದ ಲೆಕ್ಕ ಮಾಡುವುದು ಬಿಟ್ಟು ಡೆಕಾರ್ಟ್, ನ್ಯೂಟನ್, ಲಗ್ರಾಂಜ್ ಏನು ಯೋಚಿಸಿದರು ಅಂತ ಓದುತ್ತಾ ಕೂತಿದ್ದರು. ಕೂರ್ನೋ ಪುಸ್ತಕವನ್ನೂ ಆ ವಯಸ್ಸಿನಲ್ಲೇ ಓದಿದರು. ಸಿಲಬಸ್‌ನಲ್ಲಿ ಇಲ್ಲದ್ದನ್ನೇ ಓದಿ ಇಂಟರ್ನಲ್ಸ್ ಕಳೆದುಕೊಳ್ಳುವವರು ನಮ್ಮ ಹಾಸ್ಟೆಲ್‌ನಲ್ಲೂ ಇದ್ದಾರಲ್ಲ, ಹಾಗೆ.

ಆ ದಿನಗಳಲ್ಲೇ ಒಂದು ಸಂಜೆ ಪ್ವಾನ್ಸೋ ಎಂಬ ಗಣಿತಜ್ಞ ಬರೆದ ಸ್ಟ್ಯಾಟಿಕ್ಸ್ ಪುಸ್ತಕ ಕೈಗೆ ಸಿಕ್ಕಿತು. ನಾವು ಮೊದಲ ವರ್ಷ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಅಂತ ಓದುತ್ತೇವಲ್ಲ, ಅದೇ ವಿಷಯ. ಹಲವು ಬಲಗಳು ಒಂದನ್ನೊಂದು ಎಳೆಯುತ್ತಾ, ಎಲ್ಲವೂ ಒಟ್ಟಿಗೆ ಸಮತೋಲನಕ್ಕೆ ಬರುವ ಆ ಚಿತ್ರ ಹುಡುಗನನ್ನು ಹಿಡಿದುಬಿಟ್ಟಿತು. ಅರ್ಧ ಪುಸ್ತಕ ಒಂದೇ ಕೂರಿಕೆಯಲ್ಲಿ ಮುಗಿಯಿತು, ಇನ್ನರ್ಧ ಮಾರನೆಯ ದಿನ. ಐವತ್ತು ವರ್ಷ ಕಳೆದ ಮೇಲೂ ಆ ಸಂಜೆಯನ್ನು ನೆನೆದು ಅವರು ಪತ್ರ ಬರೆದಿದ್ದಾರೆ. ನಾವು ಪಾಸಾಗಿ ಮರೆತ ಪೇಪರ್ ಅದು. ಅವರ ಇಡೀ ಬದುಕು ಅದರ ಮೇಲೆ ನಿಂತಿತು.

1854ರಲ್ಲಿ ಗಣಿ ಎಂಜಿನಿಯರಿಂಗ್ ಕಲಿಸುವ ಎಕೋಲ್ ದೆ ಮೀನ್ ಕಾಲೇಜಿಗೆ ಸೇರಿದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಸಾಹಿತ್ಯ, ತತ್ವಶಾಸ್ತ್ರ ಅಂತ ಅಲೆದರು. 1858ರಲ್ಲಿ ಒಂದು ಕಾದಂಬರಿಯನ್ನೂ ಪ್ರಕಟಿಸಿದರು. ಅದು ದೊಡ್ಡ ಸುದ್ದಿಯೇನೂ ಆಗಲಿಲ್ಲ.

ಅಪ್ಪನಿಗೆ ಕೊಟ್ಟ ಮಾತು, ಮುಳುಗಿದ ಬ್ಯಾಂಕು

ಅದೇ 1858ರ ಬೇಸಿಗೆಯಲ್ಲಿ ಒಂದು ಸಂಜೆ ಅಪ್ಪ ಮಗ ಇಬ್ಬರೂ ಪೋ ಊರಿನ ಹತ್ತಿರ ನದಿ ಕಣಿವೆಯಲ್ಲಿ ವಾಕಿಂಗ್ ಹೊರಟರು. ಈ ಶತಮಾನದಲ್ಲಿ ಆಗಬೇಕಾದ ದೊಡ್ಡ ಕೆಲಸಗಳಲ್ಲಿ ಸಮಾಜದ ವಿಜ್ಞಾನವನ್ನು ಕಟ್ಟುವುದೂ ಒಂದು, ಅದನ್ನು ನೀನು ಹಿಡಿ ಅಂತ ಅಪ್ಪ ಹೇಳಿದರು. ವಾಕಿಂಗ್ ಮುಗಿಯುವ ಹೊತ್ತಿಗೆ ಮಗ ಕಥೆ ಕಾದಂಬರಿ ಬಿಟ್ಟು ಅರ್ಥಶಾಸ್ತ್ರಕ್ಕೆ ಬದುಕು ಕೊಡುತ್ತೇನೆ ಅಂತ ಮಾತು ಕೊಟ್ಟಾಗಿತ್ತು. ಆಗ ವಯಸ್ಸು 23.

ಮಾತು ಕೊಡುವುದು ಸುಲಭ, ಹೊಟ್ಟೆಪಾಡು ಬೇರೆ. ಫ್ರಾನ್ಸಿನಲ್ಲಿ ಅರ್ಥಶಾಸ್ತ್ರ ಕಲಿಸುವ ಹುದ್ದೆಗಳು ಬೆರಳೆಣಿಕೆಯಷ್ಟು. ಇದ್ದವರು ಹೊಸಬರನ್ನು, ಅದರಲ್ಲೂ ಬೇರೆ ಥರ ಯೋಚಿಸುವವರನ್ನು ಒಳಗೆ ಬಿಡುತ್ತಿರಲಿಲ್ಲ. ವಾಲ್ರಾಸ್ ಪತ್ರಿಕೆಗಳಿಗೆ ಬರೆದರು. ರೈಲ್ವೆ ಕಂಪನಿಯಲ್ಲಿ ಗುಮಾಸ್ತರಾದರು. 1865ರಲ್ಲಿ ಲಿಯಾನ್ ಸೇ ಎಂಬುವರ ಜೊತೆ ಸೇರಿ ಸಹಕಾರಿ ಸಂಘಗಳಿಗೆ ಸಾಲ ಕೊಡುವ ಒಂದು ಬ್ಯಾಂಕನ್ನು ನಡೆಸತೊಡಗಿದರು. ಸೇ ಮುಂದೆ ಫ್ರಾನ್ಸಿನ ಹಣಕಾಸು ಮಂತ್ರಿಯಾದವರು. ಕೆಲಸಗಾರರು ತಾವೇ ಸಂಘ ಕಟ್ಟಿಕೊಂಡು ಬಂಡವಾಳದ ಒಡೆಯರಾಗಲಿ ಅನ್ನುವುದು ಆಸೆ. 1868ರಲ್ಲಿ ಬ್ಯಾಂಕು ಮುಳುಗಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಹಣ ಒಬ್ಬರ ಕೈಯಲ್ಲಿ ಕೂಡಿದಾಗ ಆ ಒಬ್ಬರು ಎಡವಿದರೆ ಎಲ್ಲರೂ ಬೀಳುತ್ತಾರೆ. ಆ ಬ್ಯಾಂಕಿನಲ್ಲಿ ಒಳ್ಳೆಯ ಉದ್ದೇಶವೇ ಇತ್ತು, ಆದರೂ ಬಿತ್ತು. ಉದ್ದೇಶ ಕೆಟ್ಟದ್ದಾದರೆ ಕೇಳುವುದೇ ಬೇಡ. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಮುಚ್ಚಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದೆ ಅಂತ ಹೇಳಿತು. ಆಮೇಲೆ ಸುಮಾರು 2 ಲಕ್ಷ ಸಿಕ್ಕವು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿಯಾದಾಗ ಗ್ರಾಹಕರು ಇಟ್ಟಿದ್ದ ಹಣವನ್ನು ಬೇರೆ ಕಡೆ ಬಳಸಿದ್ದು ಹೊರಬಂತು. ಎರಡರಲ್ಲೂ ಜನ ನಾಣ್ಯ ಕೊಳ್ಳುವುದಕ್ಕೆ ಮುಂಚೆ ತಮ್ಮ ಹಣವನ್ನು ಎಕ್ಸ್‌ಚೇಂಜಿನ ಕೈಗೇ ಕೊಟ್ಟಿದ್ದರು. ಡೆಕ್ಸ್ ಹುಟ್ಟಿದ್ದು ಈ ಭಯದಿಂದ. ನಾಣ್ಯ ನಿಮ್ಮ ವ್ಯಾಲೆಟ್‌ನಲ್ಲೇ ಇರುತ್ತೆ, ಕೀಲಿ ನಿಮ್ಮ ಹತ್ತಿರವೇ. ವ್ಯಾಪಾರ ಆದರೆ ಎರಡೂ ಕಡೆಯಿಂದ ಒಟ್ಟಿಗೆ ಕೈ ಬದಲಾಗುತ್ತೆ, ಇಲ್ಲವಾದರೆ ಏನೂ ಆಗಲ್ಲ.

ಕಾಯುವವನನ್ನು ತೆಗೆದದ್ದಾಯಿತು. ಆದರೆ ಎಕ್ಸ್‌ಚೇಂಜ್ ಬರೀ ತಿಜೋರಿ ಅಲ್ಲ. ಅದು ಬೆಲೆಯನ್ನೂ ಗೊತ್ತು ಮಾಡುತ್ತಿತ್ತು. ಆ ಕೆಲಸ ಈಗ ಯಾರದು? ನಮ್ಮ ಗೈಡ್ ಕೇಳಿದ್ದು ಇದನ್ನೇ. ವಾಲ್ರಾಸ್ ಬದುಕಿನಲ್ಲಿ ಹಿಡಿದ ಪ್ರಶ್ನೆಯೂ ಇದೇ.

ನಾಲ್ಕು ಮತ, ಮೂರು ಮತ

1860ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನಲ್ಲಿ ತೆರಿಗೆ ಬಗ್ಗೆ ಒಂದು ಸಮ್ಮೇಳನ ನಡೆದಿತ್ತು. ಅಲ್ಲಿ ಮಾತಾಡಿದ ಯುವಕನನ್ನು ಸಭೆಯಲ್ಲಿದ್ದ ಲೂಯಿ ರುಶೊನೆ ಎಂಬ ವಕೀಲರು ನೆನಪಿಟ್ಟುಕೊಂಡರು. ಹತ್ತು ವರ್ಷದ ಮೇಲೆ ಅವರು ಆ ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದಾಗ ಅರ್ಥಶಾಸ್ತ್ರಕ್ಕೆ ಹೊಸ ಪೀಠ ತೆರೆದು ವಾಲ್ರಾಸ್‌ಗೆ ಕರೆ ಕಳಿಸಿದರು.

ಆಯ್ಕೆ ಸಮಿತಿಯಲ್ಲಿ ಏಳು ಜನ. ಮೂವರು ಊರಿನ ಗಣ್ಯರು ಇವರ ಪರ. ಅರ್ಥಶಾಸ್ತ್ರದ ನಾಲ್ವರು ಪ್ರಾಧ್ಯಾಪಕರಲ್ಲಿ ಮೂವರು ವಿರುದ್ಧ. ಉಳಿದ ಒಬ್ಬರು ಜಿನೀವಾದ ದಾಮೆತ್. ಅವರಿಗೂ ವಾಲ್ರಾಸ್ ವಿಚಾರಗಳು ಒಪ್ಪಿಗೆ ಇರಲಿಲ್ಲ. ಆದರೂ ಇಂಥವನ್ನು ಒಬ್ಬರು ಪಾಠ ಮಾಡಲಿ, ಚರ್ಚೆಯಾದರೆ ಶಾಸ್ತ್ರಕ್ಕೆ ಒಳ್ಳೆಯದು ಅಂತ ಪರವಾಗಿ ಮತ ಹಾಕಿದರು. ನಾಲ್ಕಕ್ಕೆ ಮೂರು. ತನಗೆ ಒಪ್ಪದವನಿಗೂ ಜಾಗ ಬಿಟ್ಟುಕೊಟ್ಟ ಒಬ್ಬ ಮೇಷ್ಟ್ರ ಒಂದು ಮತದಿಂದ ಈ ಕಥೆ ಮುಂದೆ ಸಾಗಿತು. 1870ರ ಕೊನೆಗೆ, ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ನಡೆಯುತ್ತಿದ್ದಾಗಲೇ, ವಾಲ್ರಾಸ್ ಲೋಸಾನ್ ಸೇರಿದರು. ವಯಸ್ಸು 36.

ಕೆಲಸ ಸಿಕ್ಕಿತು, ಗಣಿತ ಇನ್ನೂ ಕೈಗೆ ಹತ್ತಿರಲಿಲ್ಲ. ಒಂದು ವಸ್ತು ಇನ್ನೂ ಸ್ವಲ್ಪ ಸಿಕ್ಕರೆ ಆಗುವ ತೃಪ್ತಿಯಿಂದ ಬೇಡಿಕೆಯ ಗೆರೆಯನ್ನು ಹೇಗೆ ತೆಗೆಯುವುದು ಅಂತ ಒದ್ದಾಡುತ್ತಿದ್ದರು. 1872ರಲ್ಲಿ ಅದನ್ನು ಬಿಡಿಸಿಕೊಟ್ಟವರು ಅದೇ ಅಕಾಡೆಮಿಯಲ್ಲಿ ಮೆಕ್ಯಾನಿಕ್ಸ್ ಕಲಿಸುತ್ತಿದ್ದ ಪೌಲ್ ಪಿಕಾರ್. ಯಂತ್ರಗಳ ಮೇಷ್ಟ್ರು ಒಂದು ಟಿಪ್ಪಣಿ ಬರೆದು ಕೊಟ್ಟರು, ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಮಾಡುವ ದಾರಿ ತೋರಿಸಿದರು. ನಾವು ಎಂ-1ರಲ್ಲಿ ಮ್ಯಾಕ್ಸಿಮಾ ಮಿನಿಮಾ ಅಂತ ಮಾಡಿದ್ದೇ. ಪಕ್ಕದ ಡಿಪಾರ್ಟ್‌ಮೆಂಟಿಗೆ ಹೋಗಿ ನನಗೆ ಗೊತ್ತಿಲ್ಲ, ಹೇಳಿಕೊಡಿ ಅಂತ ಕೇಳುವುದಕ್ಕೆ 37 ವರ್ಷದ ಪ್ರೊಫೆಸರ್‌ಗೆ ನಾಚಿಕೆ ಆಗಲಿಲ್ಲ ಅನ್ನೋದು ನಮಗೆ ತುಂಬಾ ಹಿಡಿಸಿತು.

60 ಫ್ರಾಂಕಿನ ಪಾಠ

1874ರಲ್ಲಿ ಅವರ ದೊಡ್ಡ ಪುಸ್ತಕದ ಮೊದಲ ಭಾಗ ಬಂತು, 1877ರಲ್ಲಿ ಎರಡನೆಯದು. ಶುದ್ಧ ಅರ್ಥಶಾಸ್ತ್ರದ ಮೂಲತತ್ವಗಳು ಅನ್ನುವ ಅರ್ಥದ ಹೆಸರು. ಅದರಲ್ಲಿ ಅವರು ಓದುಗರನ್ನು ನೇರ ಪ್ಯಾರಿಸ್ ಷೇರುಪೇಟೆಗೆ ಕರೆದೊಯ್ಯುತ್ತಾರೆ. ಸರ್ಕಾರಿ ಬಾಂಡೊಂದರ ಬೆಲೆ 60 ಫ್ರಾಂಕ್ ಅಂತ ಕೂಗು ಬಿದ್ದಿದೆ. ದಲ್ಲಾಳಿಗಳ ಕೈಯಲ್ಲಿ ಗಿರಾಕಿಗಳ ಆರ್ಡರ್ ಇದೆ. 60ಕ್ಕೆ ಕೊಳ್ಳುವವರೂ ಮಾರುವವರೂ ಸರಿಸಮ ಇದ್ದರೆ ವ್ಯಾಪಾರ ಆಯಿತು. ಕೊಳ್ಳುವವರು ಹೆಚ್ಚಿದ್ದರೆ ಕೂಗು 60 ಫ್ರಾಂಕ್ 5 ಸಾಂತೀಮ್‌ಗೆ ಏರುತ್ತೆ, ಮಾರುವವರು ಹೆಚ್ಚಿದ್ದರೆ 59 ಫ್ರಾಂಕ್ 95ಕ್ಕೆ ಇಳಿಯುತ್ತೆ. ಎರಡೂ ಕಡೆ ಸಮವಾಗುವ ತನಕ ಹೀಗೇ.

ಇದಕ್ಕೆ ಅವರು ಇಟ್ಟ ಫ್ರೆಂಚ್ ಹೆಸರಿನ ಅರ್ಥ ತಡಕಾಟ. ಕರೆಂಟ್ ಹೋದಾಗ ಕತ್ತಲಲ್ಲಿ ಗೋಡೆ ಹಿಡಿದು ಮೇಣದಬತ್ತಿ ಹುಡುಕುತ್ತೇವಲ್ಲ, ಹಾಗೆ ಮಾರುಕಟ್ಟೆ ಬೆಲೆಯನ್ನು ತಡಕುತ್ತೆ. ಇದರಲ್ಲಿ ಒಂದು ಶರತ್ತಿದೆ, ಅದನ್ನು ಗಟ್ಟಿಯಾಗಿ ನೆನಪಿಡಿ. ತಡಕಾಟ ನಡೆಯುವಾಗ ವ್ಯಾಪಾರ ನಡೆಯಬಾರದು. ಬೇಡಿಕೆ ಪೂರೈಕೆ ಸಮವಾಗದ ಬೆಲೆಯಲ್ಲಿ ವಿನಿಮಯ ನಿಲ್ಲಬೇಕು. ಸರಿಯಾದ ಬೆಲೆ ಸಿಕ್ಕಮೇಲೆ ಎಲ್ಲರಿಗೂ ಅದೊಂದೇ ಬೆಲೆ. 1900ರ ಆವೃತ್ತಿಯಲ್ಲಿ ವಸ್ತುಗಳ ಉತ್ಪಾದನೆಯ ವಿಷಯಕ್ಕೆ ಬಂದಾಗ ಇದಕ್ಕಾಗಿ ಚೀಟಿಗಳ ಉಪಾಯವನ್ನೇ ತಂದರು. ಈ ಬೆಲೆಗೆ ಇಷ್ಟು ಕೊಡುತ್ತೇನೆ ಅಂತ ಚೀಟಿ ಬರೆಯುವುದು, ಬೆಲೆ ಬದಲಾದರೆ ಚೀಟಿ ರದ್ದು, ಎಲ್ಲ ಸಮವಾದ ಮೇಲೆ ಮಾತ್ರ ಚೀಟಿ ಜಾರಿ.

ಪಠ್ಯಪುಸ್ತಕಗಳಲ್ಲಿ ವಾಲ್ರಾಸ್ ಹರಾಜುಗಾರ ಅಂತ ಒಬ್ಬನನ್ನು ತೋರಿಸುತ್ತಾರೆ. ನಡುವೆ ನಿಂತು ಎಲ್ಲ ಬೆಲೆಗಳನ್ನೂ ಕೂಗುವ ಒಬ್ಬನೇ ವ್ಯಕ್ತಿ. ಆದರೆ ಆ ಒಬ್ಬ ಸರ್ವಶಕ್ತ ಹರಾಜುಗಾರನನ್ನು ತಂದು ನಿಲ್ಲಿಸಿದ್ದು ನಂತರದ ಅರ್ಥಶಾಸ್ತ್ರಜ್ಞರು. ವಾಲ್ರಾಸ್ ಬರೆದದ್ದರಲ್ಲಿ ಇರುವುದು ದಲ್ಲಾಳಿಗಳು, ಕೂಗುವವರು, ಗಿರಾಕಿಗಳು. ಬೆಲೆ ಇವರೆಲ್ಲರ ನಡುವೆ ಹುಟ್ಟುತ್ತದೆ.

ಇನ್ನೂ ಒಂದು ಹೆಜ್ಜೆ ಇತ್ತು. ಕೂರ್ನೋ ಒಂದು ಪೇಟೆಯನ್ನು ಬಿಡಿಸಿ ತೋರಿಸಿದ್ದರು. ವಾಲ್ರಾಸ್ ಎಲ್ಲ ಪೇಟೆಗಳನ್ನೂ ಒಟ್ಟಿಗೆ ಹಿಡಿದರು. ಗೋಧಿ ಬೆಲೆ ಏರಿದರೆ ಓಟ್ಸ್ ಬೆಲೆ ಅಲುಗಾಡುತ್ತೆ, ಅದರಿಂದ ಇನ್ನೊಂದು. ಪ್ವಾನ್ಸೋ ಪುಸ್ತಕದ ಬಲಗಳ ಹಾಗೆ ಯಾವುದೂ ಒಂಟಿ ಅಲ್ಲ. ಇಲ್ಲಿ ಅವರು ಎರಡು ಸರಳ ಸಂಗತಿ ಕಂಡುಕೊಂಡರು. ಒಂದು, 20 ವಸ್ತು ಇದ್ದರೆ ಜೋಡಿ ಬೆಲೆಗಳು 190. ಆದರೆ ಒಂದು ವಸ್ತುವನ್ನು ಅಳತೆಗೋಲಾಗಿ ಇಟ್ಟುಕೊಂಡರೆ 19 ಬೆಲೆ ಸಾಕು. ಉಳಿದದ್ದೆಲ್ಲ ಭಾಗಾಕಾರ. ಜೋಡಿ ಬೆಲೆ ಈ ಲೆಕ್ಕಕ್ಕೆ ತಪ್ಪಿದರೆ ಒಂದರ ಬದಲು ಇನ್ನೊಂದನ್ನು ಸುತ್ತು ಹೊಡೆಸಿ ಲಾಭ ಮಾಡುವವರು ಬಂದೇ ಬರುತ್ತಾರೆ. ಅವರೇ ಅದನ್ನು ಸರಿಮಾಡುತ್ತಾರೆ. ಎರಡು, 20ರಲ್ಲಿ 19 ಪೇಟೆ ಸಮವಾದರೆ ಇಪ್ಪತ್ತನೆಯದು ತಾನಾಗೇ ಸಮ. ಇದನ್ನೇ ಇವತ್ತು ವಾಲ್ರಾಸ್ ನಿಯಮ ಅನ್ನುತ್ತಾರೆ.

2018ರ ನವೆಂಬರ್‌ನಲ್ಲಿ ಎಥೀರಿಯಂ ಮೇಲೆ ಶುರುವಾದ ಯೂನಿಸ್ವಾಪ್ ಎಂಬ ಡೆಕ್ಸ್‌ನ ಮೊದಲ ಆವೃತ್ತಿ ನೋಡಿ. ಪ್ರತಿ ಟೋಕನ್‌ಗೂ ಜೋಡಿ ಈಥರ್ ಒಂದೇ. ಒಂದು ಟೋಕನ್ ಕೊಟ್ಟು ಇನ್ನೊಂದು ಬೇಕಂದ್ರೆ ನಡುವೆ ಈಥರ್ ದಾಟಿಯೇ ಹೋಗಬೇಕು. ಅದು ವಾಲ್ರಾಸರ ಅಳತೆಗೋಲೇ. ಯಾವ ಟೋಕನ್‌ಗೆ ಯಾವುದನ್ನಾದರೂ ಜೋಡಿ ಮಾಡುವ ಅವಕಾಶ ಬಂದಿದ್ದು 2020ರ ಎರಡನೇ ಆವೃತ್ತಿಯಲ್ಲಿ.

ಮುಂಚೆಯೇ ಬಂದಿದ್ದವರು

ಪುಸ್ತಕ ಬರುವುದಕ್ಕೂ ಮುಂಚೆ, 1873ರಲ್ಲಿ, ವಾಲ್ರಾಸ್ ತಮ್ಮ ವಿನಿಮಯದ ಗಣಿತವನ್ನು ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಓದಿದ್ದರು. ಸ್ವಾಗತ ತಣ್ಣಗಿತ್ತು. ಮನುಷ್ಯರ ವ್ಯವಹಾರಕ್ಕೆ ಸಮೀಕರಣ ಯಾಕೆ ಅನ್ನುವ ಧಾಟಿ. ಅದಕ್ಕಿಂತ ದೊಡ್ಡ ಪೆಟ್ಟು 1874ರ ಮೇ ತಿಂಗಳಲ್ಲಿ ಬಂತು. ತಾವು ಕಷ್ಟಪಟ್ಟು ತಲುಪಿದ ತೃಪ್ತಿಯ ಗಣಿತವನ್ನು ಇಂಗ್ಲೆಂಡಿನ ಜೆವನ್ಸ್ ಮೂರು ವರ್ಷ ಮುಂಚೆಯೇ ಪುಸ್ತಕ ಮಾಡಿದ್ದಾರೆ ಅಂತ ಗೊತ್ತಾಯಿತು.

ನಮ್ಮ ಐಡಿಯಾವನ್ನೇ ಬೇರೆ ಕಾಲೇಜಿನವರು ಹ್ಯಾಕಥಾನ್‌ನಲ್ಲಿ ತೋರಿಸಿದರೆ ನಾವು ಏನು ಮಾಡುತ್ತೇವೆ ಅಂತ ನಮಗೆ ಗೊತ್ತು. ವಾಲ್ರಾಸ್ ಆ ಭಾಗದಲ್ಲಿ ಜೆವನ್ಸ್ ಮೊದಲಿಗರು ಅಂತ ಒಪ್ಪಿ, ಇಬ್ಬರ ಪತ್ರಗಳನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎಲ್ಲ ಪೇಟೆಗಳ ಸಮೀಕರಣ ಮಾತ್ರ ನನ್ನದು ಅಂತ ಉಳಿಸಿಕೊಂಡರು. ಕೆಲವು ವರ್ಷದ ಮೇಲೆ ಇಬ್ಬರಿಗೂ ತಿಳಿಯಿತು, ಗೋಸೆನ್ ಎಂಬ ಜರ್ಮನ್ ಅಧಿಕಾರಿ 1854ರಲ್ಲೇ ಇದರ ಬಹುಪಾಲನ್ನು ಬರೆದು, ಯಾರೂ ಓದದೆ, ತೀರಿಕೊಂಡಿದ್ದರು ಅಂತ. 1885ರಲ್ಲಿ ವಾಲ್ರಾಸ್ ಆ ಅಪರಿಚಿತನ ಬಗ್ಗೆ ಒಂದು ಲೇಖನವನ್ನೇ ಬರೆದರು. ತಮ್ಮ ಕೀರ್ತಿಯಲ್ಲಿ ಪಾಲು ಕೇಳಲು ಬದುಕಿಲ್ಲದವನಿಗೆ ತಾವಾಗೇ ಪಾಲು ಕೊಟ್ಟರು.

ಮನೆಯಲ್ಲೂ ಸುಖದ ದಿನಗಳಲ್ಲ ಅವು. ಹೆಂಡತಿ ಸೆಲೆಸ್ಟೀನ್ ಬಹಳ ಕಾಲ ಕಾಯಿಲೆಯಿಂದ ನರಳಿ 1879ರಲ್ಲಿ ತೀರಿಕೊಂಡರು. ಸಂಬಳ ಸಾಲದೆ ವಾಲ್ರಾಸ್ ಹೊರಗಿನ ಬರವಣಿಗೆ, ಬೇರೆ ಕೆಲಸ ಹಿಡಿಯುತ್ತಿದ್ದರು. ಅದರ ನಡುವೆಯೇ ಪುಸ್ತಕದ ಪ್ರತಿಗಳನ್ನು ಕೈಯಿಂದ ಖರ್ಚು ಹಾಕಿ ದೇಶ ದೇಶಕ್ಕೆ ಕಳಿಸುತ್ತಿದ್ದರು, ನೂರಾರು ಜನಕ್ಕೆ ಪತ್ರ ಬರೆಯುತ್ತಿದ್ದರು. 1884ರಲ್ಲಿ ಮತ್ತೆ ಮದುವೆಯಾದ ಮೇಲೆ ಕೈ ಸ್ವಲ್ಪ ಸಡಿಲವಾಯಿತು.

ಕೊಳದ ಲೆಕ್ಕ

ಈಗ ನಮ್ಮ ಪ್ರಾಜೆಕ್ಟಿಗೆ ಬರೋಣ. ಷೇರುಪೇಟೆಯ ಹಾಗೆ ಆರ್ಡರ್‌ಗಳ ಪಟ್ಟಿಯನ್ನು ಬ್ಲಾಕ್‌ಚೈನ್ ಮೇಲೇ ಇಟ್ಟರೆ ಪ್ರತಿ ಆರ್ಡರ್‌ಗೂ, ಪ್ರತಿ ರದ್ದತಿಗೂ ಶುಲ್ಕ ಕಟ್ಟಬೇಕು. ದಿನಕ್ಕೆ ಸಾವಿರ ಸಲ ಬೆಲೆ ಬದಲಿಸುವ ವ್ಯಾಪಾರಿ ಅಲ್ಲಿಗೆ ಬರಲ್ಲ. ಅದಕ್ಕೇ ಯೂನಿಸ್ವಾಪ್ ಥರದವರು ಕೊಳದ ಉಪಾಯ ಹಿಡಿದರು. ಎರಡು ಟೋಕನ್‌ಗಳನ್ನು ಒಂದು ಕಾಂಟ್ರ್ಯಾಕ್ಟ್‌ನಲ್ಲಿ ತುಂಬಿಡುವುದು, ಎರಡರ ಗುಣಲಬ್ಧ ಬದಲಾಗದ ಹಾಗೆ ವ್ಯಾಪಾರ ಮಾಡುವುದು.

ನಮ್ಮ ಡೆಮೋ ಕೊಳದಲ್ಲಿ 100 ಟೋಕನ್, 10,000 ಕಾಯಿನ್ ಇತ್ತು. ಗುಣಲಬ್ಧ 10,00,000. ಟೋಕನ್ ಒಂದರ ಬೆಲೆ 100 ಕಾಯಿನ್. ಶುಲ್ಕವನ್ನು ಪಕ್ಕಕ್ಕಿಡೋಣ. ಒಬ್ಬರು 10 ಟೋಕನ್ ಕೊಂಡರೆ ಕೊಳದಲ್ಲಿ ಉಳಿಯುವುದು 90. ಗುಣಲಬ್ಧ ಹಾಗೇ ಇರಬೇಕಾದರೆ ಕಾಯಿನ್ 11,111 ಆಗಬೇಕು. ಅಂದ್ರೆ ಕೊಂಡವರು 1,111 ಕೊಟ್ಟರು, ಟೋಕನ್‌ಗೆ ಸರಾಸರಿ 111. ಮುಂದಿನವರಿಗೆ ಬೆಲೆ ಆಗಲೇ 123 ದಾಟಿದೆ. ಹೊರಗಡೆ ಬೆಲೆ ಇನ್ನೂ 100ರಲ್ಲೇ ಇದ್ದರೆ ಯಾರೋ ಬಂದು ಇಲ್ಲಿ ಟೋಕನ್ ಮಾರಿ ಲಾಭ ಮಾಡಿಕೊಳ್ಳುತ್ತಾರೆ, ಬೆಲೆ ಮತ್ತೆ 100ಕ್ಕೆ ಇಳಿಯುತ್ತೆ.

ಇದೂ ತಡಕಾಟವೇ. ಬೇಡಿಕೆ ಬಂದರೆ ಏರು, ಪೂರೈಕೆ ಬಂದರೆ ಇಳಿ. ಆದರೆ ವಾಲ್ರಾಸರ ಶರತ್ತು ಇಲ್ಲಿ ಮುರಿದಿದೆ. ಕೊಳ ತಪ್ಪು ಬೆಲೆಯಲ್ಲೂ ವ್ಯಾಪಾರ ಮಾಡುತ್ತೆ. ತಪ್ಪು ಬೆಲೆಯಲ್ಲಿ ವ್ಯಾಪಾರ ಮಾಡಿಯೇ ಅದು ಸರಿ ಬೆಲೆ ಕಲಿಯುತ್ತೆ. ಆ ಕಲಿಕೆಯ ಫೀಸು ಕಟ್ಟುವವರು ಕೊಳಕ್ಕೆ ಟೋಕನ್ ತುಂಬಿದವರು.

ಹೊರಗೆ ಬೆಲೆ 100ರಿಂದ 400ಕ್ಕೆ ಹೋಯಿತು ಅನ್ನಿ. ಲಾಭ ಹುಡುಕುವವರು ಕೊಳದ ಬೆಲೆಯೂ 400 ಆಗುವ ತನಕ ಟೋಕನ್ ಎತ್ತುತ್ತಾರೆ. ಕೊನೆಗೆ ಉಳಿಯುವುದು 50 ಟೋಕನ್, 20,000 ಕಾಯಿನ್, ಒಟ್ಟು ಮೌಲ್ಯ 40,000. ಕೊಳಕ್ಕೆ ಹಾಕದೆ ಸುಮ್ಮನೆ ಇಟ್ಟುಕೊಂಡಿದ್ದರೆ 50,000 ಇರುತ್ತಿತ್ತು. 20 ಪರ್ಸೆಂಟ್ ಕಡಿಮೆ. ಇದಕ್ಕೆ ಪರಿಹಾರವಾಗಿ ಪ್ರತಿ ವ್ಯಾಪಾರದ ಮೇಲೆ ಶುಲ್ಕ ಸಿಗುತ್ತೆ, ಯೂನಿಸ್ವಾಪ್‌ನ ಮೊದಲ ಆವೃತ್ತಿಗಳಲ್ಲಿ 0.3 ಪರ್ಸೆಂಟ್. ಅದು ನಷ್ಟವನ್ನು ತುಂಬುತ್ತೋ ಇಲ್ಲವೋ ಅನ್ನುವುದು ವ್ಯಾಪಾರ ಎಷ್ಟು ನಡೆಯಿತು, ಬೆಲೆ ಎಷ್ಟು ಅಲುಗಾಡಿತು ಅನ್ನುವುದರ ಮೇಲೆ.

ಇನ್ನೊಂದು ಕಾಟವೂ ಇದೆ. ಎಥೀರಿಯಂನಲ್ಲಿ ಬ್ಲಾಕ್ ಬರುವುದು 12 ಸೆಕೆಂಡಿಗೊಮ್ಮೆ. ಅಲ್ಲಿಯ ತನಕ ನಿಮ್ಮ ಆರ್ಡರ್ ಎಲ್ಲರ ಕಣ್ಣಿಗೂ ಬೀಳುವ ಸಾಲಿನಲ್ಲಿ ಕಾಯುತ್ತಿರಬಹುದು. ನೀವು ಕೊಳ್ಳುತ್ತೀರಿ ಅಂತ ನೋಡಿದ ಬಾಟ್ ನಿಮಗಿಂತ ಮುಂಚೆ ಕೊಂಡು ಬೆಲೆ ಏರಿಸಿ, ನೀವು ದುಬಾರಿಗೆ ಕೊಂಡ ಮರುಕ್ಷಣ ಮಾರಿಬಿಡುತ್ತೆ. ಕೇಂದ್ರವನ್ನು ತೆಗೆದೆವು ಅಂತ ನಾವು ಬೀಗಿದ್ದೆವು. ಸಾಲಿನಲ್ಲಿ ಯಾರು ಮುಂದೆ ಅಂತ ನಿರ್ಧರಿಸುವವರ ಕೈಗೆ ಆ ಅಧಿಕಾರ ಸದ್ದಿಲ್ಲದೆ ಹೋಗಿತ್ತು.

ಇದಕ್ಕೊಂದು ಮದ್ದು ವಾಲ್ರಾಸರ ಹಳೇ ಶರತ್ತಿನಲ್ಲೇ ಇದೆ. ಬಂದ ಆರ್ಡರ್‌ಗಳನ್ನು ಬಂದ ಹಾಗೆ ನಡೆಸದೆ ಸ್ವಲ್ಪ ಹೊತ್ತು ಚೀಟಿಗಳಂತೆ ಕೂಡಿಡುವುದು, ಎಲ್ಲವನ್ನೂ ಒಟ್ಟಿಗೆ ನೋಡಿ ಸಮವಾಗುವ ಬೆಲೆ ಕಂಡುಹಿಡಿಯುವುದು, ಆ ಕಂತಿನಲ್ಲಿ ಎಲ್ಲರಿಗೂ ಅದೊಂದೇ ಬೆಲೆ ಕೊಡುವುದು. ಕೌ ಪ್ರೋಟೊಕಾಲ್ ಎಂಬ ವ್ಯವಸ್ಥೆ ಈ ಜಾಡಿನಲ್ಲೇ ನಡೆಯುತ್ತಿದೆ. ಎಲ್ಲರಿಗೂ ಒಂದೇ ಬೆಲೆ ಅಂದಮೇಲೆ ಕಂತಿನೊಳಗೆ ಮುಂದೆ ಹಿಂದೆ ಅನ್ನುವುದಕ್ಕೆ ಅರ್ಥವಿಲ್ಲ, ಬಾಟ್‌ಗೆ ನುಸುಳಲು ಜಾಗ ಕಡಿಮೆ. ಆದರೆ ಇದೂ ಪುಕ್ಕಟೆ ಅಲ್ಲ. ಕಾಯಬೇಕು. ಆ ಬೆಲೆಯನ್ನು ಲೆಕ್ಕ ಹಾಕುವವರು ಯಾರಾದರೂ ಬೇಕು, ಅವರು ಒಬ್ಬರೇ ಆಗದ ಹಾಗೆ ಪೈಪೋಟಿ ಇಡಬೇಕು.

ಉಳಿದ ವರ್ಷಗಳು

1892ರಲ್ಲಿ ಆರೋಗ್ಯ ಕೈಕೊಟ್ಟು ವಾಲ್ರಾಸ್ ಪೀಠ ಬಿಟ್ಟರು. ಮರುವರ್ಷ ಅಲ್ಲಿಗೆ ಬಂದವರು ವಿಲ್ಫ್ರೆಡೊ ಪರೇಟೊ. ನಮ್ಮ ಕ್ವಾಲಿಟಿ ಕಂಟ್ರೋಲ್ ಪೇಪರ್‌ನಲ್ಲಿ ಪರೇಟೊ ಚಾರ್ಟ್ ಅಂತ ಬರುತ್ತಲ್ಲ, ಅವರೇ. ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್ ಓದಿ, ರೈಲ್ವೆಯಲ್ಲಿ, ಕಬ್ಬಿಣದ ಉದ್ಯಮದಲ್ಲಿ ದುಡಿದು ಬಂದವರು.

ವಾಲ್ರಾಸ್ ಎಲ್ಲವನ್ನೂ ಪೇಟೆಗೆ ಬಿಡಿ ಅಂದವರಲ್ಲ. ಭೂಮಿ ಸರ್ಕಾರದ ಕೈಯಲ್ಲಿರಬೇಕು, ರೈಲ್ವೆಯಂಥದ್ದನ್ನು ಪೈಪೋಟಿಗೆ ಬಿಟ್ಟರೆ ಆಗದು ಅಂತ ವಾದಿಸಿದವರು. ತಮ್ಮ ಸುಧಾರಣೆಗಳಿಂದ ತೆರಿಗೆ ಹೋಗಿ, ಮುಕ್ತ ವ್ಯಾಪಾರ ಬಂದು, ದೇಶಗಳ ಜಗಳ ಕಡಿಮೆಯಾಗುತ್ತೆ ಅಂತ ನಂಬಿ ನೊಬೆಲ್ ಶಾಂತಿ ಪ್ರಶಸ್ತಿಗೂ ಆಸೆ ಪಟ್ಟರು. ಲೋಸಾನ್ ಪ್ರಾಧ್ಯಾಪಕರು ಹೆಸರು ಕಳಿಸಿದರು. 1906ರ ಪ್ರಶಸ್ತಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪಾಲಾಯಿತು.

1901ರಲ್ಲಿ ತಮ್ಮ ಪುಸ್ತಕವನ್ನು ಮಹಾ ಗಣಿತಜ್ಞ ಪ್ವಾಂಕರೆಗೆ ಕಳಿಸಿ ಅಭಿಪ್ರಾಯ ಕೇಳಿದರು. ಪ್ವಾಂಕರೆ ಗಣಿತ ಬಳಸಿದ್ದನ್ನು ಒಪ್ಪಿದರು, ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು. ಮನುಷ್ಯರು ಪೂರ್ತಿ ಸ್ವಾರ್ಥಿಗಳು ಅಂತ ಅಂದಾಜಿಗೆ ಇಟ್ಟುಕೊಳ್ಳಬಹುದು, ಆದರೆ ಎಲ್ಲವನ್ನೂ ಮುಂಚೆಯೇ ಕಾಣಬಲ್ಲವರು ಅಂತ ಇಟ್ಟುಕೊಳ್ಳುವಾಗ ಹುಷಾರು ಅನ್ನುವುದು ಅದರ ತಾತ್ಪರ್ಯ. ಡೆಕ್ಸ್ ಕಟ್ಟುವವರು ಇದನ್ನು ಗೋಡೆಗೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

1909ರಲ್ಲಿ ಅವರ ಐವತ್ತು ವರ್ಷದ ಕೆಲಸಕ್ಕೆ ಲೋಸಾನ್ ವಿಶ್ವವಿದ್ಯಾಲಯ ಗೌರವ ಸಲ್ಲಿಸಿ ಸ್ಮಾರಕ ನಿಲ್ಲಿಸಿತು. ಆ ವರ್ಷ ಪ್ರಕಟಿಸಿದ ಲೇಖನದಲ್ಲೂ ಅವರು ಅರ್ಥಶಾಸ್ತ್ರ ಮತ್ತು ಮೆಕ್ಯಾನಿಕ್ಸ್ ಸಮೀಕರಣಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರು. 1910ರ ಜನವರಿ 5ರಂದು ಜಿನೀವಾ ಸರೋವರದ ದಡದ ಕ್ಲಾರೆನ್ಸ್‌ನಲ್ಲಿ ಕೊನೆಯುಸಿರೆಳೆದರು.

ಎಲ್ಲ ಪೇಟೆಗಳೂ ಒಟ್ಟಿಗೆ ಸಮವಾಗುವ ಬೆಲೆಗಳು ನಿಜವಾಗಲೂ ಇವೆಯೇ? ವಾಲ್ರಾಸ್ ಸಮೀಕರಣಗಳನ್ನೂ ಅಜ್ಞಾತಗಳನ್ನೂ ಎಣಿಸಿ ಎರಡೂ ಸಮ ಅಂತ ಬಿಟ್ಟಿದ್ದರು. ಅದು ಸಾಲದು ಅಂತ ನಮಗೆ ಗೊತ್ತು. 1954ರಲ್ಲಿ ಆರೋ ಮತ್ತು ಡೆಬ್ರೂ, ಕೆಲವು ಶರತ್ತುಗಳಿದ್ದರೆ ಅಂಥ ಬೆಲೆಗಳು ಇವೆ ಅಂತ ಸಾಧಿಸಿದರು. 1960ರಲ್ಲಿ ಸ್ಕಾರ್ಫ್ ಮೂರೇ ವಸ್ತುಗಳ ಉದಾಹರಣೆ ಕೊಟ್ಟು ತಡಕಾಟ ಆ ಬೆಲೆಗೆ ತಲುಪದೆ ಸುತ್ತುತ್ತಲೇ ಇರಬಹುದು ಅಂತ ತೋರಿಸಿದರು. ಬೆಲೆ ಇದೆ ಅನ್ನುವುದು ಬೇರೆ, ಅದು ಸಿಗುತ್ತೆ ಅನ್ನುವುದು ಬೇರೆ.

ಗೈಡ್ ಮುಂದೆ ಎರಡನೇ ರಿವ್ಯೂಗೆ ಹೋದಾಗ ನಮ್ಮ ಬಳಿ ಹೊಸ ಫೀಚರ್ ಏನೂ ಇರಲಿಲ್ಲ. ರಿಪೋರ್ಟಿಗೆ ಒಂದು ಪುಟ ಸೇರಿಸಿದ್ದೆವು. ಬೆಲೆ ಹುಡುಕುವುದಕ್ಕೆ ಖರ್ಚಿದೆ. ಷೇರುಪೇಟೆಯಲ್ಲಿ ಅದನ್ನು ದಲ್ಲಾಳಿ ವಸೂಲಿ ಮಾಡುತ್ತಾನೆ, ಕೊಳದಲ್ಲಿ ಟೋಕನ್ ತುಂಬಿದವರು ಕಟ್ಟುತ್ತಾರೆ, ಕಂತಿನಲ್ಲಾದರೆ ಎಲ್ಲರೂ ಸ್ವಲ್ಪ ಕಾದು ಕಟ್ಟುತ್ತಾರೆ. ಕೇಂದ್ರ ತೆಗೆದರೆ ಆ ಖರ್ಚು ಮಾಯವಾಗಲ್ಲ, ಕೈ ಬದಲಾಗುತ್ತೆ ಅಷ್ಟೇ. ಯಾರ ಕೈಗೆ ಹೋಯಿತು ಅಂತ ಕೊಳಕ್ಕೆ ದುಡ್ಡು ಹಾಕುವವರಿಗೆ ಮೊದಲೇ ಹೇಳುವುದು ಡಿಸೈನ್ ಮಾಡಿದವರ ಕೆಲಸ. ಅದರ ಕೆಳಗೆ 40,000 ಮತ್ತು 50,000ದ ಲೆಕ್ಕ ಬರೆದಿದ್ದೆವು.

ಗೈಡ್ ಆ ಪುಟವನ್ನು ಎರಡು ಸಲ ಓದಿ ಸಹಿ ಹಾಕಿದರು. ಮಾರ್ಕ್ಸ್ ಎಷ್ಟು ಅಂತ ಕೇಳಬೇಡಿ. ಎರಡು ಸಲ ಫೇಲಾದವರ ಕಥೆ ಓದಿದ ಮೇಲೆ ನಾವೂ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಿಲ್ಲ.